ಹಿಂದಿನ ಸಾಲಿಗೆ ಫೋಕಸ್

ನಮ್ಮ ಕಡೆಯ ಸಮಾರಂಭಗಳ ವರದಿ ಓದಿ ನೋಡಿ. ಇಂಥವರು ದೀಪ ಬೆಳಗಿಸಿದರು, ಇಂಥವರು ಅಧ್ಯಕ್ಷತೆ ವಹಿಸಿದ್ದರು, ಕೊನೆಗೆ "ಮತ್ತಿತರರು ಉಪಸ್ಥಿತರಿದ್ದರು". ಈ ಮತ್ತಿತರರಿಗೆ ಹೆಸರಿಲ್ಲದಿದ್ದರೂ ಕುರ್ಚಿಯಾದರೂ ಇರುತ್ತದೆ. ಊಟ ಬಡಿಸಿದವರು, ಎಲೆ ಎತ್ತಿದವರು, ಹಂಡೆ ತೊಳೆದವರು ಆ ಪದದ ಒಳಗೂ ಬರುವುದಿಲ್ಲ. ಸುಂದರಿ ಅಂಥವಳು. ಇದು ಅವಳ ಮಗಳು ಕಾಂತಿಯ ಕಥೆ, ಕಾಂತಿ ತೀರಿಸಿಕೊಂಡ ಸೇಡಿನ ಕಥೆ. ಸೇಡು ಒಳ್ಳೆಯದಲ್ಲ ಎಂದು ಉಪದೇಶ ಮಾಡಲು ಹೊರಟವರು ಮೊದಲು ಸುಂದರಿಯ ನಗುಮುಖ ನೋಡಿ ಬರಲಿ. ಆದರೆ ನೋಡಲು ಆಗುವುದಿಲ್ಲ. ಕಥೆ ಇರುವುದೇ ಅಲ್ಲಿ.

ಬಂಟ್ವಾಳದ ಹೊಳೆಯಾಚೆ ಸುಧಾಕರ ಧಣಿಗಳ ಮನೆ. ಭೂಮಿ ಇದೆ, ಹೋಟೆಲು ಇದೆ, ಸಂಘ ಸಂಸ್ಥೆಗಳ ಅಧ್ಯಕ್ಷಗಿರಿ ಇದೆ. ಆ ಮನೆಯ ಅಡುಗೆಮನೆಯಲ್ಲಿ ಸುಂದರಿ ತನ್ನ ಪ್ರಾಯವನ್ನೆಲ್ಲ ಕಳೆದಳು. ಧಣಿಗಳ ಮಗಳು ಪ್ರಾಪ್ತಿ ಹಸಿವಾದಾಗ ಮೊದಲು ಕರೆಯುತ್ತಿದ್ದದ್ದು ಹೆತ್ತ ತಾಯಿಯನ್ನಲ್ಲ, ಸುಂದರಿಯಕ್ಕನನ್ನು. ಮಗ ತರುಣ್ ದೊಡ್ಡವನಾಗಿ ಬಿ.ಸಿ.ರೋಡಿನಲ್ಲಿ ಸ್ಟುಡಿಯೋ ಹಾಕಿದ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಕಾಂತಿಗೆ ಅಲ್ಲಿ ಕೆಲಸ ಕೊಟ್ಟ. ಕೊಟ್ಟ ಎನ್ನುವುದು ಅವರ ಮಾತು. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತು ಅವಳು ದುಡಿದಳು ಎನ್ನುವುದು ನನ್ನ ಮಾತು.

ಆ ಕೆಲಸದಲ್ಲಿ ಒಂದು ಭಾಗ ಸತ್ತವರದು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅವರ ಫೋಟೋವನ್ನು ಕುರ್ಚಿಯಲ್ಲಿಟ್ಟು ಹಾರ ಹಾಕಬೇಕು, ಬಂದವರೆಲ್ಲ ಅದರ ಬುಡದಲ್ಲಿ ಹೂವಿಡಬೇಕು. ಹಳ್ಳಿಯ ಹೆಂಗಸರದು ಒಂಟಿ ಫೋಟೋ ಎಲ್ಲಿರುತ್ತದೆ? ಮನೆಯವರು ಯಾವುದೋ ಮದುವೆಯ ಆಲ್ಬಂ ಹಿಡಿದು ಬರುತ್ತಾರೆ, ಹಿಂದಿನ ಸಾಲಿನ ಒಂದು ತಲೆಯನ್ನು ಉಗುರಿನಲ್ಲಿ ತೋರಿಸುತ್ತಾರೆ. "ಇವರು. ಇವರನ್ನು ಮಾತ್ರ ತೆಗೆದು ಕೊಡಿ." ಕಾಂತಿ ಆ ಮುಖವನ್ನು ಸುತ್ತಲಿನವರಿಂದ ಬಿಡಿಸಿ, ಭುಜದ ಮೇಲಿದ್ದ ಯಾರದೋ ಕೈ ಅಳಿಸಿ, ನೀಲಿ ಹಿನ್ನೆಲೆ ಕೂರಿಸಿ ಕೊಡುತ್ತಿದ್ದಳು. ಎಷ್ಟೋ ಮನೆಗಳ ಗೋಡೆಯ ಮೇಲಿರುವ ಅಜ್ಜಿಯಂದಿರು ಅವಳ ಕೈಯಿಂದ ಹಾಗೆ ಒಬ್ಬಂಟಿಯಾದವರು.

ಸುಂದರಿಗೆ ಮಾತ್ರ ಕ್ಯಾಮೆರಾ ಕಂಡರೆ ಆಗದು. ಮಗಳು ಮೊಬೈಲ್ ಎತ್ತಿದರೆ ಸಾಕು, "ಹೋಗಾಚೆ, ನನ್ನ ಮುಸುಡಿಯಲ್ಲಿ ಎಂತ ಉಂಟು?" ಎಂದು ಸೆರಗು ಅಡ್ಡ ಹಿಡಿಯುತ್ತಿದ್ದಳು. ಕಾಂತಿಯ ಮೊಬೈಲಿನಲ್ಲಿ ಅಮ್ಮನ ಬೆನ್ನು ಇತ್ತು, ಕೈ ಇತ್ತು, ಬಾಗಿಲ ಹಿಂದೆ ಮಾಯವಾಗುವ ಸೀರೆಯ ತುದಿ ಇತ್ತು.

ಪ್ರಾಪ್ತಿಯ ಮದುವೆ ಬೆಳ್ತಂಗಡಿಯ ಒಂದು ಕಲ್ಯಾಣಮಂಟಪದಲ್ಲಿ ಆಯಿತು. ಕೊನೆಗೆ ಮನೆಯವರ ಫೋಟೋ. ಎಲ್ಲರೂ ಸ್ಟೇಜಿನ ಮೇಲೆ ನಿಂತಾಗಿತ್ತು. ಪ್ರಾಪ್ತಿ ಹಟ ಹಿಡಿದಳು.

"ಸುಂದರಿಯಕ್ಕ ಬಾರದೆ ನಾನು ನಿಲ್ಲುದಿಲ್ಲ."

"ಅವರು ಅಡುಗೆ ಹತ್ತಿರ ಇರ್ಬಹುದು ಮಗಾ, ಗಂಟೆ ಎಷ್ಟಾಯ್ತು ನೋಡು," ಎಂದರು ಧಣಿಗಳು.

"ಎಷ್ಟಾದ್ರೂ ಆಗ್ಲಿ ಅಪ್ಪ."

ಸುಂದರಿ ಬಂದಳು. ಕೈ ಒರೆಸಿಕೊಂಡು, ಹಸಿರು ಸೀರೆಯ ನೆರಿಗೆ ಸರಿ ಮಾಡಿಕೊಂಡು, ಎಲ್ಲರಿಗಿಂತ ಹಿಂದಿನ ಮೆಟ್ಟಿಲು ಹತ್ತಿದಳು. ಬದಿಯಲ್ಲಿ ಲೈಟು ಹಿಡಿದು ನಿಂತಿದ್ದ ಕಾಂತಿ ಅವತ್ತು ಕಂಡದ್ದನ್ನು ಜನ್ಮದಲ್ಲಿ ಮರೆಯುವವಳಲ್ಲ. ಅಮ್ಮ ಸೆರಗು ಅಡ್ಡ ಹಿಡಿಯಲಿಲ್ಲ. ಗಲ್ಲ ಎತ್ತಿ ಕ್ಯಾಮೆರಾವನ್ನು ನೇರ ನೋಡಿದಳು. ನಕ್ಕಳು.

ತರುಣ್ ಕ್ಲಿಕ್ಕಿಸಿದ. ಆ ಫೋಟೋಕ್ಕೆ ಮೂಡುಬಿದಿರೆಯ ಒಂದು ಪ್ರದರ್ಶನದಲ್ಲಿ ಬಹುಮಾನ ಬಂತು. ಅವನು ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಗೋಡೆಗೆ ಹಾಕಿದ. ಮುಂದೆ ಕಣ್ಣೀರು ತುಂಬಿ ನಗುವ ಮದುಮಗಳು, ಒಂದೊಂದು ರೆಪ್ಪೆಕೂದಲೂ ಎಣಿಸುವಷ್ಟು ಸ್ಪಷ್ಟ. ಹಿಂದೆ ಬರೀ ಬಣ್ಣ. ಗಿರಾಕಿಗಳಿಗೆಲ್ಲ ಅವನು ತೋರಿಸುತ್ತಿದ್ದ, "ನೋಡಿ, ಬ್ಯಾಕ್‌ಗ್ರೌಂಡ್ ಬೆಣ್ಣೆ ಹಾಗೆ ಕರಗಿದೆ." ಆ ಬೆಣ್ಣೆಯಲ್ಲಿ ಒಂದು ಹಸಿರು ಮುದ್ದೆ, ಅದು ಸುಂದರಿ.

ಕಾಂತಿಗೆ ಆಗ ಸಿಟ್ಟು ಬರಲಿಲ್ಲ. ಕಂಪ್ಯೂಟರಿನಲ್ಲಿ ಹಿನ್ನೆಲೆ ಮಸುಕು ಮಾಡುವುದು ಅವಳ ದಿನನಿತ್ಯದ ಕೆಲಸ. ಇದನ್ನೂ ತರುಣಣ್ಣ ಹಾಗೇ ಮಾಡಿರಬೇಕು, ಒರಿಜಿನಲ್ ಫೋಟೋದಲ್ಲಿ ಅಮ್ಮ ಸರಿಯಾಗಿಯೇ ಇರುತ್ತಾಳೆ, ಬೇಕಾದಾಗ ತೆಗೆದರಾಯಿತು ಎಂದುಕೊಂಡಿದ್ದಳು. ಆ ಕೆಲಸದಲ್ಲಿ ಪಳಗಿದವರು ಮಾತ್ರ ಮಾಡಬಹುದಾದ ತಪ್ಪು ಅದು.

ಮರುವರ್ಷದ ಮಳೆಗಾಲದಲ್ಲಿ ಸುಂದರಿ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಬೊಜ್ಜಕ್ಕೆ ಫೋಟೋ ಬೇಕಾಯಿತು. ಊರವರಿಗೆಲ್ಲ ಮುಖ ಬಿಡಿಸಿಕೊಟ್ಟವಳು ತನ್ನ ಅಮ್ಮನ ಮುಖ ಬಿಡಿಸಲು ಕುಳಿತಳು. ಒರಿಜಿನಲ್ ತೆರೆದಳು. ಹಸಿರು ಮುದ್ದೆ. ದೊಡ್ಡದು ಮಾಡಿದಳು. ದೊಡ್ಡ ಹಸಿರು ಮುದ್ದೆ, ಅದರ ಮೇಲೊಂದು ಕಂದು ಮುದ್ದೆ. ಅಮ್ಮನ ಮುಖವನ್ನು ಯಾರೂ ಅಳಿಸಿರಲಿಲ್ಲ. ತೆಗೆದೇ ಇರಲಿಲ್ಲ.

"ತರುಣಣ್ಣ, ಇದರಲ್ಲಿ ಅಮ್ಮನ ಮುಖ ಇಲ್ಲ."

"ಎಲ್ಲಿಂದ ಇರುದು? ಲೆನ್ಸ್ ಪೂರ್ತಿ ಓಪನ್, ಒನ್ ಪಾಯಿಂಟ್ ಏಟಲ್ಲಿ ತೆಗೆದದ್ದು ಮಾರಾಯ್ತಿ. ಹಿಂದೆ ಎಲ್ಲ ಕರಗಿಯೇ ಕರಗ್ತದೆ. ಪ್ರೈಜ್ ಬಂದದ್ದು ಯಾಕೆ ಮತ್ತೆ?"

"ಎಲ್ಲರೂ ಕಾಣುವ ಹಾಗೆ ಇನ್ನೊಂದು ತೆಗೀಬಹುದಿತ್ತಲ್ಲ."

"ಹಿಂದೆ ನಿಂತವರನ್ನು ಯಾರು ನೋಡ್ತಾರೆ ಕಾಂತಿ?" ಅವನು ಬೈಕಿನ ಕೀ ತಿರುಗಿಸುತ್ತ ಹೇಳಿದ. ಕೆಟ್ಟ ಮನಸ್ಸಿನಿಂದಲ್ಲ, ಮಳೆ ಬರ್ತದೆ ಎನ್ನುವಷ್ಟೇ ಸಲೀಸಾಗಿ. ಅದೇ ಹೆಚ್ಚು ಉರಿಸುವುದು. "ಆಧಾರ್ ಕಾರ್ಡಲ್ಲಿ ಉಂಟಲ್ಲ, ಅದನ್ನೇ ದೊಡ್ಡದು ಮಾಡು. ಫ್ರೇಮ್ ನನ್ನ ಲೆಕ್ಕ."

ಬೊಜ್ಜದ ದಿನ ಕುರ್ಚಿಯಲ್ಲಿ ಕುಳಿತದ್ದು ಆಧಾರ್ ಕಾರ್ಡಿನ ಸುಂದರಿ. ಕಚೇರಿಯವರು ಗದರಿಸಿ ಕೂರಿಸಿದಾಗ ತೆಗೆದ ಫೋಟೋ. ಅಗಲಿಸಿದ ಕಣ್ಣು, ಬಿಗಿದ ತುಟಿ, ಏನೋ ಕದ್ದು ಸಿಕ್ಕಿಬಿದ್ದವಳ ಹೆದರಿಕೆ. ಹೂವಿಡಲು ಬಂದ ನೆರೆಮನೆಯ ಅಜ್ಜಿಯೊಬ್ಬಳು ಪಕ್ಕದವಳನ್ನು ಕೇಳಿದಳು, "ಇದು ಯಾರದ್ದು ಫೋಟೋ?" ಕಾಂತಿ ಅಲ್ಲೇ ನಿಂತಿದ್ದಳು. ಪ್ರಾಪ್ತಿ ಬಂದಿರಲಿಲ್ಲ. ತುಂಬಿದ ಬಸುರಿಯನ್ನು ಬೊಜ್ಜಕ್ಕೆ ಕಳಿಸುವುದುಂಟೇ ಎಂದು ಮನೆಯವರು ತಡೆದಿದ್ದರು.

ಅವತ್ತೇ ಕಾಂತಿ ನಿಶ್ಚಯಿಸಿದಳು. ಈ ಕರಗಿಸುವ ವಿದ್ಯೆ ಏನೆಂದು ಕಲಿಯಬೇಕು. ಕಲಿತು, ಇವನನ್ನು ಕರಗಿಸಬೇಕು.

ತರುಣನಲ್ಲಿ ಕೇಳಿದ್ದಕ್ಕೆ ಅವನು ನಕ್ಕ. "ನಿನಗೆ ಯಾಕೆ ಅದು? ನಿನ್ನದು ಕಟ್ ಮಾಡುದು." ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಕ್ಯಾಮೆರಾವನ್ನು ಮಾತ್ರ, ಬೇಕಾದರೆ ಆಟ ಆಡು ಎಂದು ಬಿಟ್ಟುಕೊಟ್ಟ. ಮೊಬೈಲಿನಲ್ಲಿ ಪಾಠ ಹೇಳುವವರೂ ಹೆಚ್ಚಿನವರು ಹಿನ್ನೆಲೆ ಮಸುಕು ಮಾಡುವುದನ್ನೇ ದೊಡ್ಡ ಕಲೆ ಎಂದು ಕಲಿಸುತ್ತಿದ್ದರು. ಹಿಂದಿನವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಕಾಂತಿ ಆ ಪಾಠವನ್ನು ತಿರುಗಿಸಿ ಹಾಕಿ ಕಲಿಯಬೇಕಾಯಿತು.

ಅಮ್ಮ ಬಳಸುತ್ತಿದ್ದ ತಪಲೆ, ಚೆಂಬು, ಲೋಟಗಳನ್ನು ಮನೆಯ ಮೆಟ್ಟಿಲ ಮೇಲೆ ಮೂರು ಸಾಲಾಗಿ ಇಟ್ಟಳು, ಮದುವೆಯ ಗ್ರೂಪ್ ಫೋಟೋದ ಹಾಗೆ. ಲೆನ್ಸಿನ ಒಳಗೊಂದು ಕಿಂಡಿ ಇದೆ. ಅದನ್ನು ಅಗಲವಾಗಿ ತೆರೆದರೆ ಒಂದೇ ಸಾಲು ಸ್ಪಷ್ಟ, ಅದರ ಹಿಂದು ಮುಂದಿನದೆಲ್ಲ ಕರಗುತ್ತದೆ. ಕಿರಿದು ಮಾಡಿದರೆ ಹತ್ತಿರದ ತಪಲೆಯೂ ದೂರದ ಲೋಟವೂ ಒಟ್ಟಿಗೆ ಎದ್ದು ನಿಲ್ಲುತ್ತವೆ. ಇಷ್ಟು ತಿಳಿಯಲು ಅವಳಿಗೆ ಬಹಳ ಸಮಯ ಹಿಡಿಯಿತು. ತರುಣ್ ಹೇಳಿದ ಒನ್ ಪಾಯಿಂಟ್ ಏಟ್ ಆ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದರೆ ಕಿಂಡಿಯೂ ದೊಡ್ಡದು ಎಂದುಕೊಂಡಿದ್ದಳು. ಅದು ಉಲ್ಟಾ. ಸಂಖ್ಯೆ ಏರಿದಷ್ಟು ಕಿಂಡಿ ಕುಗ್ಗುತ್ತದೆ, ಕಾಣುವವರ ಸಂಖ್ಯೆ ಹೆಚ್ಚುತ್ತದೆ.

ತಪಲೆಗಳು ಸಾಲದಾದಾಗ ಆದಿತ್ಯವಾರಗಳಂದು ಮೂಡುಬಿದಿರೆಯ ಬಸ್ಸು ಹತ್ತಿದಳು. ಅಲ್ಲಿನ ಒಂದು ಸಣ್ಣ ಬಸದಿಯಲ್ಲಿ ಕಲ್ಲುಕಂಬಗಳು ಸಾಲಾಗಿ ಹಿಂದಕ್ಕೆ ಹೋಗುತ್ತವೆ, ಕೊನೆಗೆ ಕತ್ತಲಲ್ಲೊಂದು ದೀಪ. ಬಸದಿಯನ್ನು ನೋಡಿಕೊಳ್ಳುವ ಜಯವರ್ಮ ಮೊದಲ ದಿನ ಬಾಗಿಲಲ್ಲೇ ತಡೆದರು.

"ದೇವರ ಫೋಟೋ ಆಗ್ಲಿಕ್ಕಿಲ್ಲ."

"ದೇವರದ್ದು ಬೇಡ. ಕಂಬದ್ದು."

"ಕಂಬದ್ದಾ? ತೆಗಿ ತೆಗಿ. ಅದಕ್ಕೇನು ನಾಚಿಕೆಯಾ?"

ಆಮೇಲೆ ಪ್ರತಿ ವಾರ ಕಂಡಾಗ ಅವರೇ ತಮಾಷೆ ಮಾಡುತ್ತಿದ್ದರು, "ಬಂದೆಯಾ ಮಾರಾಯ್ತಿ? ಹೋದ ವಾರದಿಂದ ಒಂದು ಕಂಬವೂ ಅಲ್ಲಾಡ್ಲಿಲ್ಲ, ನಾನು ಕಾದಿದ್ದೇನೆ."

ಕಂಬ ಅಲ್ಲಾಡಲಿಲ್ಲ, ಕಾಂತಿಯ ಕೈ ಅಲ್ಲಾಡಿತು. ಕಿಂಡಿ ಕಿರಿದಾದರೆ ಬೆಳಕು ಸಾಲದು, ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು, ಅಷ್ಟರಲ್ಲಿ ಉಸಿರಾಡಿದರೂ ಚಿತ್ರ ಕದಡುತ್ತದೆ. ಅವಳು ಕ್ಯಾಮೆರಾವನ್ನು ಜಗಲಿಯ ಕಲ್ಲಿನ ಮೇಲಿಟ್ಟು ತೆಗೆದಳು. ಫೋಕಸನ್ನು ಎಲ್ಲಕ್ಕಿಂತ ಮುಂದಿನ ಕಂಬಕ್ಕೆ ಕೊಡದೆ ಸ್ವಲ್ಪ ಒಳಗಿನದಕ್ಕೆ ಕೊಟ್ಟರೆ ಮುಂದೂ ಉಳಿಯುತ್ತದೆ, ಹಿಂದೂ ಉಳಿಯುತ್ತದೆ ಎಂದು ಕಂಡುಕೊಂಡಳು. ಒಂದು ಆದಿತ್ಯವಾರ ಮೊದಲ ಕಂಬದ ಹೂವಿನ ಕೆತ್ತನೆಯೂ ಕೊನೆಯ ದೀಪದ ಕುಡಿಯೂ ಒಂದೇ ಚಿತ್ರದಲ್ಲಿ ಚೂಪಾಗಿ ನಿಂತವು. ಜಯವರ್ಮರು ಕ್ಯಾಮೆರಾದ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು, "ಹೋ, ಎಲ್ಲ ಉಂಟಲ್ಲ ಇದರಲ್ಲಿ!" ಎಂದರು. ಕಾಂತಿ ಹೊರಗೆ ಬಂದು ಮೆಟ್ಟಿಲಲ್ಲಿ ಕುಳಿತು ಅತ್ತಳು. ಅಷ್ಟು ಸುಲಭವಿತ್ತು. ಒಂದು ಗುಂಡಿ ತಿರುಗಿಸಿದ್ದರೆ ಸಾಕಿತ್ತು.

ಅತ್ತು ಮುಗಿದ ಮೇಲೆ ಉಲ್ಟಾ ಪಾಠ ಶುರು ಮಾಡಿದಳು. ಮುಂದಿನ ಕಂಬವನ್ನು ಕರಗಿಸಿ ಹಿಂದಿನದನ್ನು ಮಾತ್ರ ನಿಲ್ಲಿಸುವುದು. ಅದನ್ನು ಯಾಕೆ ಕಲಿಯುತ್ತಿದ್ದೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂದರ್ಭ ಕಲ್ಲಡ್ಕದಲ್ಲಿ ಬಂತು. ಧಣಿಗಳು ಹೆದ್ದಾರಿ ಬದಿಯಲ್ಲಿ ಹೊಸ ಹೋಟೆಲು ಕಟ್ಟಿಸಿದ್ದರು. ಉದ್ಘಾಟನೆಗೆ ಮೊದಲು ಗಣಹೋಮ, ಹೋಮ ಮುಗಿದ ಮೇಲೆ ಒಂದು ದೊಡ್ಡ ಫೋಟೋ. ಅದನ್ನು ಒಳಗಿನ ಗೋಡೆಯ ಉದ್ದಕ್ಕೂ ಹಾಕಬೇಕು, ಉದ್ಘಾಟನೆಯ ದಿನ ಪರದೆ ಸರಿಸಬೇಕು ಎಂದು ಧಣಿಗಳ ಆಸೆ. ಅಂಗಳದಲ್ಲಿ ಕುರ್ಚಿ ಹಾಕಿ ಮನೆಯವರು ಕುಳಿತರು. ನಡುವೆ ಧಣಿಗಳು, ಪಕ್ಕದಲ್ಲಿ ಪ್ರಾಪ್ತಿ, ಅವಳ ಮಡಿಲಲ್ಲಿ ಮಗು.

"ಹಿಂದೆ ಖಾಲಿ ಕಾಣ್ತದಲ್ಲ ತರುಣ್," ಎಂದರು ಧಣಿಗಳು.

"ಕೆಲಸದವರನ್ನು ಮೆಟ್ಟಿಲಲ್ಲಿ ನಿಲ್ಲಿಸುವ ಅಪ್ಪ. ಹೇಗೂ ಕರಗ್ತಾರೆ. ಬಣ್ಣ ಬಣ್ಣ ಕಂಡರೆ ಸಾಕು."

ಅಡುಗೆಯವರು, ಬಡಿಸುವವರು, ಗುಡಿಸುವವರು ದೂರದ ಮೆಟ್ಟಿಲ ಮೇಲೆ ನಿಂತರು. ಪಾತ್ರೆ ತೊಳೆಯುವ ಸಬೀಹಾ ಶಾಲನ್ನು ಸರಿ ಮಾಡಿಕೊಂಡು, "ನಾನು ಕಾಣ್ತೇನಾ? ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ," ಎಂದು ಮುಂದಿನವನನ್ನು ತಳ್ಳಿದಳು. ಬಣ್ಣ ಬಣ್ಣ ಕಂಡರೆ ಸಾಕು ಎಂದದ್ದು ಅವಳಿಗೆ ಕೇಳಿರಲಿಲ್ಲ. ಕಾಂತಿಗೆ ಕೇಳಿತ್ತು.

ತರುಣನೂ ಫೋಟೋದಲ್ಲಿ ಬರಬೇಕಲ್ಲ. ಅವನು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿ, ಕಿಂಡಿ ಅಗಲ ಮಾಡಿ, ಅಪ್ಪನ ಕಣ್ಣಿಗೆ ಫೋಕಸ್ ಕೊಟ್ಟು ಕಾಂತಿಯನ್ನು ಕರೆದ. "ಎಲ್ಲ ಸೆಟ್ ಮಾಡಿದ್ದೇನೆ. ಯಾವುದಕ್ಕೂ ಕೈ ಹಾಕ್ಬೇಡ. ನಿನ್ನದು ಬಟನ್ ಒತ್ತುದು ಮಾತ್ರ."

"ಆಯ್ತು ತರುಣಣ್ಣ."

ಅವನು ಓಡಿಹೋಗಿ ಅಪ್ಪನ ಪಕ್ಕದಲ್ಲಿ ಕುಳಿತ, ಅಂಗಿಯ ಕಾಲರು ಎಳೆದುಕೊಂಡ. ಕಾಂತಿ ಫೋಕಸ್ ಬದಲಿಸುವ ಲೆನ್ಸಿನ ಬಳೆಯನ್ನು ಸ್ವಲ್ಪವೇ ತಿರುಗಿಸಿದಳು. ಧಣಿಗಳ ಮುಖ ಕದಡಿತು. ತರುಣನ ನಗು ಕದಡಿತು. ಹಿಂದೆ ಮೆಟ್ಟಿಲ ಮೇಲೆ ಸಬೀಹಾಳ ಮೂಗುಬೊಟ್ಟು ಮಿನುಗಿ ನಿಂತಿತು. ಬಟನ್ ಒತ್ತಿದಳು.

ತರುಣ್ ಬಂದು ಪರದೆಯಲ್ಲಿ ನೋಡಿದ. ಬಿಸಿಲಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪರದೆಯಲ್ಲಿ ಎಲ್ಲವೂ ಚೂಪಾಗಿಯೇ ಕಾಣುತ್ತದೆ. "ಫಸ್ಟ್ ಕ್ಲಾಸ್," ಎಂದ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳುಗಳು ಎದ್ದವು. ಯಾರೂ ದೊಡ್ಡದು ಮಾಡಿ ನೋಡಲಿಲ್ಲ. ಪ್ರಿಂಟಿಗೆ ಕಳಿಸುವುದು ಎಂದಿನಂತೆ ಕಾಂತಿಯ ಕೆಲಸ. ಅವಳು ಒಂದು ಚುಕ್ಕೆಯನ್ನೂ ತಿದ್ದದೆ ಕಳಿಸಿದಳು.

ಉದ್ಘಾಟನೆಯ ದಿನ ಬಂಟ್ವಾಳ, ಬೆಳ್ತಂಗಡಿಯ ದೊಡ್ಡವರೆಲ್ಲ ಬಂದಿದ್ದರು. ಭಾಷಣಗಳಾದವು. ಧಣಿಗಳು ಹಗ್ಗ ಎಳೆದರು, ಪರದೆ ಸರಿಯಿತು. ಚಪ್ಪಾಳೆ ಶುರುವಾಗಿ ಅರ್ಧದಲ್ಲಿ ನಿಂತಿತು.

ಗೋಡೆಯ ತುಂಬ ಮುಂದಿನ ಸಾಲು ನೀರಿನಲ್ಲಿ ಮುಳುಗಿದ ಹಾಗಿತ್ತು. ರೇಷ್ಮೆ ಸೀರೆ, ಬಂಗಾರ, ಬಿಳಿ ಪಂಚೆ ಎಲ್ಲ ಬರೀ ಬಣ್ಣ. ಮುಖಗಳಲ್ಲಿ ಕಣ್ಣು ಮೂಗು ಒಂದಕ್ಕೊಂದು ಕಲಸಿಕೊಂಡಿದ್ದವು. ಅವರ ತಲೆಗಳ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ, ಅಡುಗೆಯವರು, ಬಡಿಸುವವರು, ಗುಡಿಸುವವರು. ಒಬ್ಬೊಬ್ಬರ ಹುಬ್ಬು, ಬೆವರು, ಅಂಗಿಯ ಗುಂಡಿ.

"ಇದರಲ್ಲಿ ನಾನು ಯಾವುದು?" ಎಂದು ಧಣಿಗಳು ಕೇಳಿದರು. ನಗಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಇಣುಕಿದ ಸಬೀಹಾ ಕಿರುಚಿದಳು, "ಯಾ ಅಲ್ಲಾ, ಅದು ನಾನು! ನೋಡಿ, ನನ್ನ ಮೂಗುಬೊಟ್ಟು!" ಅವಳ ಹಿಂದೆ ಉಳಿದವರೂ ನುಗ್ಗಿದರು. ಅತಿಥಿಗಳನ್ನು ಸರಿಸಿಕೊಂಡು ಗೋಡೆಯ ಬುಡಕ್ಕೆ ಹೋಗಿ ತಮ್ಮ ತಮ್ಮ ಮುಖ ಹುಡುಕಿದರು, ಮೊಬೈಲು ಎತ್ತಿದರು.

ತರುಣ್ ಕಾಂತಿಯ ಎದುರು ಬಂದು ಹಲ್ಲು ಕಚ್ಚಿದ. "ಎಂತ ಮಾಡಿದ್ದು ನೀನು? ಎಂತ ಇದು?"

"ಹಿಂದೆ ನಿಂತವರನ್ನು ಯಾರು ನೋಡ್ತಾರೆ ಅಂತ ಕೇಳಿದ್ರಲ್ಲ ತರುಣಣ್ಣ. ಈಗ ನೋಡಿ. ಊರೇ ನೋಡ್ತಾ ಉಂಟು."

ಇಲ್ಲಿಗೆ ನಿಲ್ಲಿಸಿದರೆ ಸೇಡು ಪೂರ್ತಿ ಸಿಹಿಯಾಗುತ್ತಿತ್ತು. ಆದರೆ ಪ್ರಾಪ್ತಿ ಮಗುವನ್ನೆತ್ತಿಕೊಂಡು ಆ ಚಿತ್ರದ ಮುಂದೆ ನಿಂತಿದ್ದಳು. ಮಗು ಅಜ್ಜನ ಜೊತೆ ಕುಳಿತು ತೆಗೆಸಿಕೊಂಡ ಮೊದಲ ಫೋಟೋ ಅದು. ಅವಳು ತಿರುಗಿ ಕೇಳಿದಳು, "ಕಾಂತಿ, ಇದರಲ್ಲಿ ನನ್ನ ಮಗುವಿನ ಮುಖ ಎಲ್ಲಿ?"

ಸುಂದರಿಯಕ್ಕ ಬಾರದೆ ಫೋಟೋ ಇಲ್ಲ ಎಂದು ಹಟ ಹಿಡಿದಿದ್ದ ಒಬ್ಬಳೇ ಒಬ್ಬಳು ಇವಳು. ಬಸದಿಯ ಕಂಬಗಳು ಕಲಿಸಿದ್ದನ್ನು ಕಾಂತಿ ಬಟನ್ ಒತ್ತುವ ಹೊತ್ತಿಗೆ ಮರೆತಿದ್ದಳು. ಸ್ಪಷ್ಟತೆ ಎನ್ನುವುದು ಅಡ್ಡಕ್ಕೆ ಎಳೆದ ಗೋಡೆ. ಗೋಡೆಯಿಂದ ಈಚೆ ಇದ್ದವರೆಲ್ಲ ಒಟ್ಟಿಗೇ ಕರಗುತ್ತಾರೆ, ಪಾಪ ಮಾಡಿದವನೂ ಮಾಡದವಳೂ. ಒಬ್ಬನನ್ನೇ ಆರಿಸಿ ಕರಗಿಸುವ ಲೆನ್ಸ್ ಇನ್ನೂ ಬಂದಿಲ್ಲ.

ಕೆಲಸ ಅವತ್ತೇ ಹೋಯಿತು. ಉಂಡ ಮನೆಗೆ ದ್ರೋಹ ಬಗೆದಳು ಎಂದು ಬಂಟ್ವಾಳದ ಪೇಟೆಯಲ್ಲಿ ಬಾಯಿಗೆ ಬಂದಂತೆ ಆಡಿದರು. ಸ್ವಾಮಿ, ಆ ಮನೆಯಲ್ಲಿ ಉಣ್ಣಲು ಬೇಯಿಸಿ ಹಾಕಿದ್ದು ಯಾರು? ಉಂಡವರು ಯಾರು, ಬಡಿಸಿದವರು ಯಾರು ಎಂಬುದನ್ನು ಸರಿಯಾಗಿ ನೆನಪಿಟ್ಟುಕೊಂಡು ಮಾತಾಡಿ.

ವಾರ ಕಳೆದು ಕಾಂತಿ ಹಳೆಯ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಪ್ರಾಪ್ತಿಯ ಮನೆಗೆ ಹೋದಳು. ಕ್ಷಮೆ ಕೇಳಲಿಲ್ಲ.

"ಮಗುವಿನ ಫೋಟೋ ತೆಗೀಲಿಕ್ಕೆ ಬಂದೆ ಪ್ರಾಪ್ತಿಯಕ್ಕ."

ಪ್ರಾಪ್ತಿ ಬಾಗಿಲಿಗೆ ಅಡ್ಡ ನಿಂತು ಕೇಳಿದಳು, "ಅಣ್ಣನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ."

"ನನಗೂ ನಿನ್ನ ಮೇಲಿನದ್ದು ಹೋಗ್ಲಿಲ್ಲ. ಒಳಗೆ ಬಾ."

ಕಾಂತಿ ಮಗುವನ್ನು ಚಾವಡಿಯಲ್ಲಿ ಕೂರಿಸಿ, ಕಿಂಡಿ ಕಿರಿದು ಮಾಡಿ ತೆಗೆದಳು. ಮುಂದೆ ಮಗು, ಅದರ ಹಿಂದೆ ತಾಯಿ, ಅದರಾಚೆ ಮಗುವಿಗೆ ಗಂಜಿ ಹಿಡಿದು ಬಂದ ಆ ಮನೆಯ ಕೆಲಸದ ಹೆಂಗಸು. ಮೂವರೂ ಚೂಪಾಗಿದ್ದಾರೆ.

ಈಗ ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೇ ಸಣ್ಣ ಸ್ಟುಡಿಯೋ ಇದೆ. ಮದುವೆಗಳಲ್ಲಿ ಅವಳದೊಂದು ಕ್ರಮ. ಮನೆಯವರ ಫೋಟೋ ಎಂದಾಗ ಮೊದಲು ಅಡುಗೆಯ ಕಡೆ ಹೋಗುತ್ತಾಳೆ, ಕೈ ಒರೆಸಿಕೊಳ್ಳಲಿಕ್ಕೂ ಬಿಡದೆ ಎಲ್ಲರನ್ನೂ ಕರೆತರುತ್ತಾಳೆ. ಹಿಂದಿನ ಸಾಲಿನಿಂದ ಒಂದೊಂದೇ ಮುಖ ನೋಡಿ ಆದಮೇಲೆ ಮುಂದಿನವರ ಸರದಿ. ಇದರಿಂದ ಕೆಲವರು ಅವಳನ್ನು ಕರೆಯುವುದಿಲ್ಲ. ಅಂಥವರು ಬೇಡವೆಂದೇ ಅವಳು ಹೇಳುತ್ತಾಳೆ.

ಕಳೆದ ಬೇಸಿಗೆಯಲ್ಲಿ ಒಂದು ಮದುವೆ. ಹೆಣ್ಣಿನ ಕಡೆಯವರು ಕಾಂತಿಯನ್ನು ಕರೆದಿದ್ದರು. ಗಂಡಿನ ಕಡೆಯ ನೆಂಟನಾಗಿ ತರುಣ್ ಬಂದಿದ್ದ. ಗ್ರೂಪ್ ಫೋಟೋಕ್ಕೆ ಎಲ್ಲರೂ ನಿಂತರು. ತರುಣನಿಗೆ ಮುಂದಿನ ಸಾಲಿನ ಕುರ್ಚಿ. ಸ್ಟ್ಯಾಂಡಿನ ಹಿಂದೆ ನಿಂತವಳು ಯಾರೆಂದು ಕಂಡಾಗ ಅವನು ಎದ್ದು ಹೋಗುವಂತಿರಲಿಲ್ಲ, ಎರಡೂ ಕಡೆಯ ಹಿರಿಯರು ಪಕ್ಕದಲ್ಲಿದ್ದರು. ಅವಳ ಬೆರಳು ಲೆನ್ಸಿನ ಬಳೆಯ ಮೇಲೆ ಇದ್ದುದನ್ನು ಅವನು ನೋಡಿದ. ಆ ಬೆರಳು ಏನು ಮಾಡುತ್ತದೆ ಎಂಬುದನ್ನು ಆ ಸ್ಟೇಜಿನ ಮೇಲೆ ಬಲ್ಲವನು ಅವನೊಬ್ಬನೇ.

"ಕಾಂತಿ," ಎಂದ, ತಗ್ಗಿದ ಸ್ವರದಲ್ಲಿ. "ಲೆನ್ಸ್ ಎಷ್ಟರಲ್ಲಿ ಇಟ್ಟಿದ್ದೀ?"

ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಅದೆಲ್ಲ ನನಗೆ ಗೊತ್ತಿಲ್ಲ ತರುಣಣ್ಣ. ನನ್ನದು ಬಟನ್ ಒತ್ತುದು ಮಾತ್ರ."

ಆ ಫೋಟೋ ಅವಳ ಸ್ಟುಡಿಯೋದ ಗೋಡೆಯ ಮೇಲಿದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಕಿಂಡಿ ಕಿರಿದು ಮಾಡಿ, ಹನ್ನೊಂದರಲ್ಲಿ ತೆಗೆದದ್ದು. ಹಿಂದಿನ ಸಾಲಿನಲ್ಲಿ ಸೌಟು ಹಿಡಿದೇ ನಿಂತ ಹೆಂಗಸು ಸ್ಪಷ್ಟ, ಮದುಮಗಳು ಸ್ಪಷ್ಟ, ತರುಣನೂ ಸ್ಪಷ್ಟ. ಅವನನ್ನು ಅವಳು ಒಂದಿಷ್ಟೂ ಕರಗಿಸಿಲ್ಲ. ಅಗಲಿಸಿದ ಕಣ್ಣು, ಬಿಗಿದ ತುಟಿ, ಹೆದರಿದ ಮುಖ. ಪಕ್ಕದಲ್ಲೇ ಆಧಾರ್ ಕಾರ್ಡಿನಿಂದ ತೆಗೆದ ಸುಂದರಿಯ ಫೋಟೋ ಹಾರ ಹಾಕಿಕೊಂಡಿದೆ.